ಸುಣ್ಣದ ಪುಡಿ ಮತ್ತು ನನ್ನ ಮೊದಲ ಲೆಕ್ಕ

ದಸರಾ ರಜೆಗೆ ಊರಿಗೆ ಬಂದಿದ್ದ ಅಣ್ಣನ ಮಗಳು ಬ್ಯಾಗು ಇಳಿಸುವ ಮೊದಲೇ ಕೇಳಿದಳು: "ಚಿಕ್ಕಪ್ಪ, ಕೆಮಿಕಲ್ ಪುಡಿ ಸಾಗಿಸೋಕೆ ಯಾವ ಕನ್ವೇಯರ್ ಒಳ್ಳೇದು? ಎರಡು ಸಾಲಲ್ಲಿ ಹೇಳಿಬಿಡಿ, ಸೆಮಿನಾರಿಗೆ ಬೇಕು."

ಅವಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೆಯ ವರ್ಷ. ಅವಳಪ್ಪನಿಗೆ, ಅಂದರೆ ನನ್ನ ಅಣ್ಣನಿಗೆ, ಇದೆಲ್ಲ ದೊಡ್ಡ ವಿಷಯವಲ್ಲ. "ಜೆರಾಕ್ಸ್ ಅಂಗಡೀಲಿ ತಯಾರು ರಿಪೋರ್ಟೇ ಸಿಗ್ತಾವಂತೆ, ಹೆಸರು ಬದಲಾಯಿಸಿ ಬೈಂಡ್ ಮಾಡ್ಸಿದ್ರಾತು" ಎಂದು ಕುಳಿತಲ್ಲಿಂದಲೇ ತೀರ್ಪು ಕೊಟ್ಟ. ಮಗಳು ನನ್ನ ಮುಖ ನೋಡಿದಳು.

ಹೊಸಪೇಟೆ ಬಸ್ ನಿಲ್ದಾಣದಲ್ಲಿ ನಿಂತು 'ಯಾವ ಬಸ್ಸು ಒಳ್ಳೇದು?' ಎಂದು ಕೇಳಿದರೆ ಕಂಡಕ್ಟರು ಏನನ್ನುತ್ತಾನೆ? 'ನೀವು ಹೋಗೋದೆಲ್ಲಿಗ್ರಿ?' ಎನ್ನುತ್ತಾನೆ. ಹಂಪಿಗೋ, ಸಂಡೂರಿಗೋ, ಕಂಪ್ಲಿಗೋ. ಜೊತೆಗೆ ಮೂಟೆ ಎಷ್ಟು, ಮಕ್ಕಳೆಷ್ಟು. ಅವಳ ಪ್ರಶ್ನೆಯೂ ಅಂಥದ್ದೇ. ಆದರೆ ಇದನ್ನು ಅವಳಿಗೆ ಉಪದೇಶದ ಧಾಟಿಯಲ್ಲಿ ಹೇಳುವ ಹಕ್ಕು ನನಗಿರಲಿಲ್ಲ. ಏಕೆಂದರೆ ಅವಳ ವಯಸ್ಸಿಗಿಂತ ಒಂದೆರಡು ವರ್ಷ ದೊಡ್ಡವನಾಗಿದ್ದಾಗ ಅದೇ ಪ್ರಶ್ನೆಗೆ ನಾನು ಎರಡು ಸಾಲಿನ ಉತ್ತರ ಬರೆದುಕೊಟ್ಟವನು. ಆ ಉತ್ತರಕ್ಕೆ ಬೆಲೆ ತೆತ್ತವನು ಮಾತ್ರ ಬೇರೊಬ್ಬ.

ಅದು 1993. ಡಿಪ್ಲೊಮಾ ಮುಗಿಸಿ ಹೊಸಪೇಟೆಯ ಹೊರವಲಯದ ಒಂದು ಸಣ್ಣ ಸುಣ್ಣದ ಘಟಕದಲ್ಲಿ ಕೆಲಸಕ್ಕೆ ಸೇರಿದ್ದೆ. ಸುಟ್ಟ ಸುಣ್ಣದ ಹೆಂಟೆ ಲಾರಿಯಲ್ಲಿ ಬರುತ್ತಿತ್ತು. ಅದಕ್ಕೆ ಅಳತೆಯಿಟ್ಟು ನೀರು ಹಾಕಿದರೆ ಬುಸುಗುಟ್ಟಿ, ಬಿಸಿಯಾಗಿ, ಅರಳಿ, ಕೊನೆಗೆ ಮೈದಾ ಹಿಟ್ಟಿನಂಥ ಬಿಳಿ ಪುಡಿಯಾಗುತ್ತದೆ. ಈ ಅರಳಿದ ಸುಣ್ಣಕ್ಕೆ ಆಗ ಒಳ್ಳೆಯ ಗಿರಾಕಿ ಇತ್ತು. ಹೊಸಪೇಟೆಯಲ್ಲಿ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲ. ಕಬ್ಬಿನ ಹಾಲಿನಲ್ಲಿರುವ ಕಲ್ಮಶ ಕೆಳಗಿಳಿಯಬೇಕಾದರೆ ಸುಣ್ಣದ ತಿಳಿ ಬೇಕು, ಬಿಳುಪಿಗೆ ಗಂಧಕದ ಹೊಗೆ ಬೇಕು. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವ ನಮ್ಮಲ್ಲಿ ಎಷ್ಟು ಜನರಿಗೆ ಅದರ ಹಿಂದೆ ಸುಣ್ಣವಿದೆಯೆಂದು ಗೊತ್ತು!

ಘಟಕದಲ್ಲಿ ಪುಡಿ ಬೀಳುತ್ತಿದ್ದುದು ನೆಲದ ಗುಂಡಿಗೆ, ಚೀಲ ತುಂಬುತ್ತಿದ್ದುದು ಹದಿನೆಂಟು ಅಡಿ ಮೇಲಿನ ಡಬ್ಬಿಯಿಂದ. ಈ ಹದಿನೆಂಟು ಅಡಿಯನ್ನು ಅಷ್ಟು ದಿನ ದಾಟಿಸುತ್ತಿದ್ದವರು ನಾಲ್ಕು ಜನ ಹೆಂಗಸರು. ತಲೆಯ ಮೇಲೆ ಪುಟ್ಟಿ, ಮೂಗು ಬಾಯಿಗೆ ಸೆರಗು. ಸಂಜೆ ಹೊತ್ತಿಗೆ ಹುಬ್ಬು, ರೆಪ್ಪೆಗಳೆಲ್ಲ ಬೆಳ್ಳಗಾಗಿ ನಾಲ್ವರೂ ಒಂದೇ ವಯಸ್ಸಿನ ಮುದುಕಿಯರಂತೆ ಕಾಣುತ್ತಿದ್ದರು. ಬೆವರಿಗೆ ಸುಣ್ಣ ತಗುಲಿ ಕತ್ತು ಸುಡುತ್ತಿತ್ತು. ಅವರಲ್ಲಿ ಹಿರಿಯಳನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮಾತಿನ ನಡುನಡುವೆ ಕೆಮ್ಮುತ್ತಿದ್ದಳು. "ತಮ್ಮಾ, ನೀ ಓದಿ ಬಂದಿದಿ. ಈ ಪುಟ್ಟಿ ತಪ್ಪಿಸಾಕ ಒಂದು ಮಿಷನ್ ಹಾಕಿಸಪ್ಪ" ಎಂದು ಕೇಳಿದವಳೂ ಅವಳೇ. ಮಾಲೀಕರಿಗೂ ಉತ್ಪಾದನೆ ಹೆಚ್ಚಬೇಕಿತ್ತು. ಗಂಟೆಗೆ ನಾಲ್ಕು ಟನ್ ಮೇಲೇರಬೇಕು, ಖರ್ಚು ಇಷ್ಟರೊಳಗೆ ಎಂದು ಒಂದು ಅಂಕಿ ಹೇಳಿ ನನ್ನ ಕೈಗೆ ಕೆಲಸ ಕೊಟ್ಟರು.

ನಾನು ಆರಿಸಿದ್ದು ಸ್ಕ್ರೂ ಕನ್ವೇಯರ್. ಕಬ್ಬಿಣದ ತೊಟ್ಟಿಯೊಳಗೆ ಉದ್ದನೆಯ ತಿರುಪು ತಿರುಗುತ್ತದೆ, ಪುಡಿ ಮುಂದೆ ಸರಿಯುತ್ತದೆ. ಆರ್ಕಿಮಿಡೀಸನ ಹೆಸರು ಅಂಟಿಕೊಂಡಿರುವ ಹಳೆಯ ಉಪಾಯ. ಬೆಲೆ ಕಡಿಮೆ, ಮೇಲೆ ಮುಚ್ಚಳವಿರುವುದರಿಂದ ಧೂಳಿಲ್ಲ. ಪುಸ್ತಕದ ಪಟ್ಟಿಯಲ್ಲಿ ಒಂಬತ್ತು ಇಂಚಿನ ತಿರುಪು, ನಿಮಿಷಕ್ಕೆ ಅರವತ್ತು ಸುತ್ತು, ತೊಟ್ಟಿ ಮೂರರಲ್ಲಿ ಒಂದು ಪಾಲು ತುಂಬಿದರೆ ಗಂಟೆಗೆ ಸುಮಾರು ನಾಲ್ಕೂವರೆ ಟನ್ ಸುಣ್ಣ ಎಂದು ಲೆಕ್ಕ ಕೂಡಿಬಂತು. ಎರಡು ಸಲ ಗುಣಿಸಿ ನೋಡಿದೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ.

ತಪ್ಪಿದ್ದುದು ಪಟ್ಟಿಯ ತಲೆಬರಹ ಓದುವುದರಲ್ಲಿ. ಆ ಅಂಕಿಗಳೆಲ್ಲ ನೆಲಕ್ಕೆ ಸಮನಾಗಿ ಮಲಗಿದ ತಿರುಪಿಗೆ. ನಾನು ಜಾಗ ಸಾಲದೆಂದು ಅದನ್ನು 45 ಡಿಗ್ರಿಗೆ ಓರೆಯಾಗಿ ಏರಿಸಿದ್ದೆ. ಏರು ಹೆಚ್ಚಿದಂತೆ ಪುಡಿ ಹಿಂದಕ್ಕೆ ಜಾರುತ್ತದೆ. 30 ಡಿಗ್ರಿಗೆ ಬರುವಷ್ಟರಲ್ಲಿ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ, 45ಕ್ಕೆ ಇನ್ನೂ ಇಳಿಯುತ್ತದೆ. ನಮ್ಮ ತಿರುಪಿನಲ್ಲಿ ಗಂಟೆಗೆ ಒಂದೂವರೆ ಟನ್ ಬಂದರೆ ಅದೇ ಪುಣ್ಯ. ಹೆಂಗಸರು ಪುಟ್ಟಿಯಲ್ಲಿ ಹೊತ್ತದ್ದೂ ಅಷ್ಟಕ್ಕಷ್ಟೇ.

ಅದಾದರೂ ನಾಚಿಕೆಯಲ್ಲಿ ಮುಗಿಯುತ್ತಿತ್ತು. ಕಾರ್ತಿಕದವರೆಗೆ ಬಿಸಿಲಿದ್ದಿದ್ದರೆ ಬಹುಶಃ ಹೇಗೋ ನಡೆದುಹೋಗುತ್ತಿತ್ತು. ಆಗಸ್ಟಿನಲ್ಲಿ ಮೋಡ ಕವಿದು ತೇವದ ಗಾಳಿ ಬೀಸತೊಡಗಿತು. ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವ ವಸ್ತು. ಹಂಪಿಯ ಗಾರೆಗೆಲಸ ಅಷ್ಟು ಶತಮಾನ ನಿಂತಿರುವುದು ಅದೇ ಗುಣದಿಂದ. ಹಂಪಿಯಲ್ಲಿ ವರವಾದದ್ದು ನಮ್ಮ ತಿರುಪಿನ ಬೇರಿಂಗಿನಲ್ಲಿ ಶಾಪವಾಯಿತು. ಇತ್ತ ಗುಂಡಿಯ ಇಳಿಜಾರು ಗೋಡೆಯ ಮೇಲೆ ಪುಡಿ ಜಾರದೆ ಎರಡೂ ಬದಿಯಿಂದ ಬಂದು ನಡುವೆ ಕಮಾನು ಕಟ್ಟುತ್ತಿತ್ತು. ಮೇಲೆ ಎರಡು ಟನ್ ಸುಣ್ಣ, ಕೆಳಗೆ ಖಾಲಿ ತಿರುಪು ಗರಗರ ತಿರುಗುತ್ತಿದೆ. ಸುತ್ತಿಗೆಯಿಂದ ಬಡಿದರೆ ಒಮ್ಮೆಲೇ ಕುಸಿದು ನೀರಿನಂತೆ ನುಗ್ಗಿ ಎಲ್ಲೆಡೆ ಉಕ್ಕುತ್ತಿತ್ತು. ಕಲ್ಲು, ಹಿಟ್ಟು, ನೀರು ಮೂರೂ ಅದೇ ಪುಡಿ. ನಾನು ಲೆಕ್ಕ ಹಾಕಿದ್ದು ಒಂದಕ್ಕೆ ಮಾತ್ರ.

ಅಕ್ಕನ ಮಗ ಅದೇ ಘಟಕದಲ್ಲಿ ಸಹಾಯಕನಾಗಿದ್ದ. ಇಪ್ಪತ್ತರ ಹುಡುಗ, ಚುರುಕು. ಒಂದು ಮಧ್ಯಾಹ್ನ ಪುಡಿ ಕಟ್ಟಿಕೊಂಡಿತೆಂದು ಮುಚ್ಚಳ ತೆಗೆದು ಬಿದಿರು ಕೋಲಿನಿಂದ ತಿವಿದ. ತಿರುಪು ಕೋಲನ್ನು ಎಳೆಯಿತು, ಕೋಲಿನ ಹಿಂದೆ ಕೈಯನ್ನು. ಸ್ವಿಚ್ಚು ಮೂವತ್ತು ಅಡಿ ದೂರದ ಕೋಣೆಯಲ್ಲಿತ್ತು. ನಾನು ಓಡಿಹೋಗಿ ಆರಿಸಿ ಬರುವಷ್ಟರಲ್ಲಿ ಬಲಗೈಯ ಎರಡು ಬೆರಳು ಹೋಗಿದ್ದವು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ತಯಾರಕರು ಕೊಟ್ಟ ಕೊಟೇಶನ್ನಿನಲ್ಲಿ ಮುಚ್ಚಳ ತೆರೆದ ಕೂಡಲೇ ಮೋಟಾರು ನಿಲ್ಲಿಸುವ ಲಿಮಿಟ್ ಸ್ವಿಚ್ಚು ಇತ್ತು, ತೊಟ್ಟಿಯ ಪಕ್ಕದಲ್ಲೇ ಎಳೆದು ನಿಲ್ಲಿಸುವ ಹಗ್ಗದ ಸ್ವಿಚ್ಚೂ ಇತ್ತು. ಮಾಲೀಕರು ಹೇಳಿದ ಅಂಕಿಯೊಳಗೆ ತರಲು ಆ ಎರಡು ಸಾಲುಗಳ ಮೇಲೆ ಕೆಂಪು ಗೀರು ಎಳೆದವನು ನಾನು. ತಿರುಗುವ ಯಂತ್ರಕ್ಕೆ ಬೇಲಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದವನೂ ನಾನೇ.

ಅಕ್ಕ ನನ್ನನ್ನು ಬೈಯಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು "ಮಿಷನ್ ಬ್ಯಾಡಾಗಿತ್ತು ತಮ್ಮಾ, ಪುಟ್ಟೀನೇ ಇರಲಿ ಅನಬೇಕಿತ್ತು ನಾನು" ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಪುಡಿಯ ಪಾಠ ನನಗಾದದ್ದು ಕಾಲೇಜಿನಲ್ಲಲ್ಲ, ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ. ತುಂಗಭದ್ರೆಯ ನೀರು ಹರಿದ ಮೇಲೆ ಆ ಸೀಮೆಯೆಲ್ಲ ಭತ್ತ, ಭತ್ತ ಇದ್ದಲ್ಲಿ ಗಿರಣಿ. ನಮ್ಮ ಫಿಟ್ಟರ್ ಮೇಸ್ತ್ರಿಗೆ ಅಲ್ಲೊಬ್ಬ ಪರಿಚಯದ ಹಿರಿಯ ಮೇಸ್ತ್ರಿ ಇದ್ದರು. ನನ್ನನ್ನು ಕರೆದೊಯ್ದು ನಿಲ್ಲಿಸಿದರು. ಆ ಹಿರಿಯರು ಏನೂ ಮಾತಾಡದೆ ಒಂದು ಮುಷ್ಟಿ ಭತ್ತ ಹಿಡಿದು ಬಿಟ್ಟರು, ಸುರಿಯಿತು. ಒಂದು ಮುಷ್ಟಿ ಹೊಟ್ಟು. ಅರ್ಧ ಸುರಿಯಿತು, ಅರ್ಧ ಹಾರಿತು. ಒಂದು ಮುಷ್ಟಿ ತೌಡು ಹಿಸುಕಿ ಅಂಗೈ ಬಿಡಿಸಿದರು. ಉಂಡೆಯಾಗಿ ಕೂತಿತ್ತು, ಬೆರಳಿನ ಗುರುತು ಸಹಿತ. "ಒಂದೇ ಕಾಳಿನ ಮೂರು ಮಕ್ಕಳು ಸಾರ್. ಮೂರಕ್ಕೂ ಒಂದೇ ದಾರಿ ಹಾಕಿದ್ರ ನಡಿಯಂಗಿಲ್ಲ. ನಿಮ್ಮ ಸುಣ್ಣ ಈ ತೌಡಿನ ಜಾತಿ" ಎಂದರು.

ಆ ಮೇಲೆ ಊರಿಗೆ ಬಂದು ನಾನು ಮೊದಲು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಮಾಡಿದೆ. ಹಾಳೆಯ ಮೇಲೆ ಸುಣ್ಣವನ್ನು ಮೆಲ್ಲಗೆ ಸುರಿದು ಗುಡ್ಡೆಯ ಇಳಿಜಾರು ಅಳೆದೆ. ಅದೇ ಪುಡಿ ತನ್ನಷ್ಟಕ್ಕೆ ನಿಲ್ಲುವ ಕೋನ. ಗುಂಡಿಯ ಗೋಡೆ ಅದಕ್ಕಿಂತ ಸಾಕಷ್ಟು ಕಡಿದಾಗಿರದಿದ್ದರೆ ಪುಡಿ ಇಳಿಯುವುದೇ ಇಲ್ಲ. ಸುಣ್ಣವನ್ನು ಸಡಿಲವಾಗಿ ಸೇರಿನಲ್ಲಿ ತುಂಬಿ ತೂಗಿದೆ, ಕುಟ್ಟಿ ಕುಟ್ಟಿ ತುಂಬಿ ಮತ್ತೆ ತೂಗಿದೆ. ಅರಳಿದ ಸುಣ್ಣದ ತೂಕ ಘನ ಮೀಟರಿಗೆ ಸುಮಾರು 400ರಿಂದ 650 ಕಿಲೋವರೆಗೆ ಏಕೆ ಓಲಾಡುತ್ತದೆಂಬುದು ಆಗ ಅರ್ಥವಾಯಿತು. ಸಡಿಲಕ್ಕೂ ಕುಟ್ಟಿದ್ದಕ್ಕೂ ಅಂತರ ಹೆಚ್ಚಿದಷ್ಟೂ ಆ ಪುಡಿ ತಂಟೆಯದು ಎಂದು ತಿಳಿಯಬೇಕು. ಇಷ್ಟಕ್ಕೆಲ್ಲ ಬೇಕಾದದ್ದು ಒಂದು ತಕ್ಕಡಿ, ಒಂದು ಕೋನಮಾಪಕ, ಒಂದು ಮಧ್ಯಾಹ್ನ.

ಮುಂದಿನ ವರ್ಷ ಆ ಓರೆ ತಿರುಪನ್ನು ಕಿತ್ತು ಹಾಕಿದೆವು. ಗುಂಡಿಯ ಗೋಡೆಯನ್ನು 65 ಡಿಗ್ರಿಗೆ ಕಡಿದು ಮಾಡಿ, ಬಾಯಿ ಅಗಲಿಸಿ, ಒಣಗಾಳಿ ಊದಲು ಒಂದೆರಡು ಕಡೆ ಮೆತ್ತೆ ಕೂರಿಸಿದೆವು. ನೆಲಮಟ್ಟದಲ್ಲಿ ನಡುವೆ ಬೇರಿಂಗೇ ಬೇಡದ ಗಿಡ್ಡ ತಿರುಪು, ಅಲ್ಲಿಂದ ನೆಟ್ಟಗೆ ಮೇಲಕ್ಕೆ ಬಕೆಟ್ ಎಲಿವೇಟರ್. ಬಾವಿಯ ರಾಟೆಯಂತೆ ಸಾಲು ಡಬ್ಬಿಗಳು ಏರುವ, ಕಂಪ್ಲಿಯ ಗಿರಣಿಯಲ್ಲಿ ಕಂಡಿದ್ದ ಅದೇ ಸಾಧನ. ಆದರೆ ಭತ್ತದ ಡಬ್ಬಿಗಳು ಜೋರಾಗಿ ಹೋಗಿ ಕಾಳನ್ನು ಎಸೆಯುತ್ತವೆ. ಹಾಗೆ ಎಸೆದರೆ ಸುಣ್ಣ ಹೊಗೆಯಾಗುತ್ತದೆ. ಅದಕ್ಕೆ ನಿಧಾನವಾಗಿ ಹೋಗಿ ಮಗುಚಿ ಸುರಿಯುವ ಬಗೆಯದನ್ನು ಹಾಕಿದೆವು. ತುದಿಯಲ್ಲಿ ಧೂಳು ಹೀರುವ ಬಟ್ಟೆಯ ಚೀಲಗಳು. ಈ ಸಲ ಸ್ವಿಚ್ಚುಗಳ ಸಾಲನ್ನು ಕೊಟೇಶನ್ನಿನ ಮೊದಲ ಪುಟಕ್ಕೆ ತಂದೆ. ಮಾಲೀಕರು ಮಾತಾಡದೆ ಸಹಿ ಹಾಕಿದರು.

ಗಾಳಿಯ ಬಲದಿಂದ ಕೊಳವೆಯಲ್ಲಿ ಊದಿಬಿಡಬಹುದಿತ್ತಲ್ಲ ಎಂದು ಅಣ್ಣನ ಮಗಳು ಕೇಳಿದಳು. ಅವಳ ಪುಸ್ತಕದಲ್ಲಿ ಅದು ಹೊಸ ಕಾಲದ ಪದ್ಧತಿಯೆಂದು ಹೊಗಳಿದ್ದರು. ಹೌದು, ಆ ದಾರಿ ಚೆಂದ. ಕೊಳವೆ ಎಲ್ಲಿ ಬೇಕಾದರೂ ತಿರುಗುತ್ತದೆ, ಜಾಗ ಕೇಳುವುದಿಲ್ಲ. ಕುಡಿತಿನಿಯಲ್ಲಿರುವಂಥ, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳಲ್ಲಿ ಹಾರುಬೂದಿ ಹೋಗುವುದು ಹಾಗೆಯೇ. ಅದರಲ್ಲೂ ಎರಡು ಬಗೆ: ಹಿಂದಿನಿಂದ ಊದುವುದು, ಮುಂದಿನಿಂದ ಹೀರುವುದು. ಊದುವ ಕೊಳವೆಯಲ್ಲಿ ಬಿರುಕು ಬಿಟ್ಟರೆ ಪುಡಿ ಹೊರಗೆ ಚಿಮ್ಮುತ್ತದೆ. ಹೀರುವ ಕೊಳವೆಯಲ್ಲಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆ. ವಿಷದ ಪುಡಿಯಾದರೆ ಹೀರುವುದೇ ಕ್ಷೇಮ. ಆದರೆ ಗಾಳಿಗೆ ಕರೆಂಟು ಬೇಕು, ಅದೇ ಭಾರವನ್ನು ತಿರುಪೋ ಬಕೆಟ್ಟೋ ಹೊರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಗಡಸು ಪುಡಿಯಾದರೆ ಕೊಳವೆಯ ತಿರುವುಗಳು ಸವೆದು ತೂತಾಗುತ್ತವೆ. ಸುಣ್ಣವಾದರೆ ಆ ಗಾಳಿಯಲ್ಲಿನ ತೇವ ಮತ್ತು ಇಂಗಾಲದ ಡೈ ಆಕ್ಸೈಡಿನಿಂದಲೇ ಕೊಳವೆಯ ಒಳಗೋಡೆಗೆ ಕಲ್ಲು ಕಟ್ಟುತ್ತದೆ. ಹದಿನೆಂಟು ಅಡಿಗೆ ಇಷ್ಟೆಲ್ಲ ಏಕೆ?

ಮರುದಿನ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಂಪಿಗೆ ಹೋದೆ. ಅರಮನೆ ಆವರಣದ ಕಲ್ಲಿನ ಮೇಲ್ಗಾಲುವೆ ತೋರಿಸಿದೆ. ಕಣ್ಣಿಗೆ ಸಮತಟ್ಟು, ನೀರಿಗೆ ಮಾತ್ರ ಗೊತ್ತು ಅಲ್ಲಿ ಇಳಿಜಾರಿದೆಯೆಂದು. "ಪುಡಿಯನ್ನೂ ಹೀಗೆ ಹರಿಸಬಹುದು" ಎಂದೆ. ನಂಬಲಿಲ್ಲ. ಸಿಮೆಂಟು ಕಾರ್ಖಾನೆಗಳಲ್ಲಿ ಓರೆಯಾದ ಪೆಟ್ಟಿಗೆಯೊಳಗೆ ರಂಧ್ರಗಳಿರುವ ಬಟ್ಟೆ ಹಾಸಿ ಅಡಿಯಿಂದ ಮೆಲ್ಲಗೆ ಗಾಳಿ ಬಿಡುತ್ತಾರೆ. ಕಣಕಣದ ನಡುವೆ ಗಾಳಿ ತುಂಬಿದ ಸಿಮೆಂಟು ನೀರಿನಂತೆ ನಾಲ್ಕೈದು ಡಿಗ್ರಿ ಇಳಿಜಾರಿನಲ್ಲೂ ಹರಿದುಹೋಗುತ್ತದೆ. ತಿರುಗುವ ಭಾಗವೇ ಇಲ್ಲ, ಬೆರಳು ಸಿಕ್ಕುವ ಮಾತೂ ಇಲ್ಲ. ಆದರೆ ಅದು ಇಳಿಯಬಲ್ಲದು, ಏರಲಾರದು. ನಮಗೆ ಏರಬೇಕಿತ್ತು.

ಅಲ್ಲಿಂದ ಸಂಡೂರು. ಅಲ್ಲಿನದು ರಾಸಾಯನಿಕ ಪುಡಿಯಲ್ಲ, ಅದಿರು; ಆದರೆ ಪ್ರಶ್ನೆ ಅದೇ, ಆಳತೆ ಮಾತ್ರ ಬೇರೆ. 2000ದ ನಂತರದ ವರ್ಷಗಳಲ್ಲಿ ಈ ರಸ್ತೆಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಲಾರಿಯ ಹಿಂದೆ ಲಾರಿ, ಗಿಡದ ಎಲೆ ಕೆಂಪು, ಮನೆಯ ಮಾಡು ಕೆಂಪು, ಶಾಲೆಯ ಮಕ್ಕಳ ಬಿಳಿ ಅಂಗಿ ಕೆಂಪು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಹಂತಹಂತವಾಗಿ, ಮಿತಿ ಹಾಕಿ ಮತ್ತೆ ತೆರೆದದ್ದು. ಈಗ ಸಂಡೂರು ಸೀಮೆಯ ನಂದಿಹಳ್ಳಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿಲೋಮೀಟರು ಉದ್ದದ ಪೈಪ್ ಕನ್ವೇಯರ್ ಇದೆ. ರಬ್ಬರು ಪಟ್ಟಿಯೇ ಸುರುಳಿಯಾಗಿ, ವೀಳ್ಯದೆಲೆ ಮಡಿಚಿದಂತೆ ಅದಿರನ್ನು ಒಳಗಿಟ್ಟುಕೊಂಡು ಕೊಳವೆಯಂತೆ ಸಾಗುತ್ತದೆ. ಹೊಲ, ರಸ್ತೆಗಳ ಮೇಲೆ ಹಾದು ಹೋಗುತ್ತದೆ, ಧೂಳು ಹೊರಗೆ ಬೀಳುವುದಿಲ್ಲ. ತಗ್ಗಿನ ಊರಿನ ಮಕ್ಕಳ ಅಂಗಿಯ ಬಣ್ಣವನ್ನು ಸಾಗಣೆಯ ಸಾಧನವೊಂದು ನಿರ್ಧರಿಸಬಲ್ಲದೆಂದು ನಮ್ಮ ಪಠ್ಯಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

"ಹಾಗಾದರೆ ಮುಚ್ಚಿಬಿಟ್ಟರೆ ಮುಗೀತು" ಎಂದಳು ಹುಡುಗಿ. ಅದೂ ಅಷ್ಟು ಸಲೀಸಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್ ಎಂಬಲ್ಲಿ ಒಂದು ಸಕ್ಕರೆ ಕಾರ್ಖಾನೆ ಇತ್ತು. ಸಕ್ಕರೆಯ ದೊಡ್ಡ ಉಗ್ರಾಣಗಳ ಅಡಿಯಲ್ಲಿ ತೆರೆದ ಪಟ್ಟಿಯೊಂದು ಬಹಳ ವರ್ಷ ಓಡುತ್ತಿತ್ತು. 2007ರಲ್ಲಿ ಸಕ್ಕರೆಗೆ ಕಸ ಬೀಳದಿರಲೆಂದು ಅದನ್ನು ಉಕ್ಕಿನ ತಗಡಿನಿಂದ ಮುಚ್ಚಿದರು, ಆದರೆ ಒಳಗಿನ ಧೂಳು ಹೀರುವ ವ್ಯವಸ್ಥೆ ಮಾಡಲಿಲ್ಲ. ಬಯಲಿನಲ್ಲಿ ಚೆದುರಿಹೋಗುತ್ತಿದ್ದ ಸಕ್ಕರೆಯ ಧೂಳು ಪೆಟ್ಟಿಗೆಯಲ್ಲಿ ದಟ್ಟವಾಯಿತು. 2008ರ ಫೆಬ್ರುವರಿ 7ರಂದು ಅದು ಸಿಡಿಯಿತು. ಕಾದುಹೋದ ಒಂದು ಬೇರಿಂಗಿನಿಂದ ಕಿಡಿ ಹತ್ತಿರಬೇಕೆಂದು ತನಿಖೆ ಹೇಳಿತು. ಹದಿನಾಲ್ಕು ಜನ ಸತ್ತರು. ನಾವು ಶಿರಾ ಮಾಡುವ ಸಕ್ಕರೆ! ಗಂಧಕದ ಪುಡಿಯೂ ಹಾಗೆಯೇ, ಹಿಟ್ಟೂ ಹಾಗೆಯೇ. ಸುಣ್ಣ ಸಿಡಿಯುವುದಿಲ್ಲ, ಅದು ಕಣ್ಣು, ಚರ್ಮ, ಎದೆಗೂಡನ್ನು ಸುಡುತ್ತದೆ. ಆದ್ದರಿಂದ ಈ ಪುಡಿ ಉರಿಯುತ್ತದೆಯೇ, ಸುಡುತ್ತದೆಯೇ, ತೇವ ಕುಡಿಯುತ್ತದೆಯೇ, ಕಬ್ಬಿಣ ತಿನ್ನುತ್ತದೆಯೇ ಎಂದು ಕೇಳಿ ಮುಗಿಸದೆ ಟನ್ನಿನ ಲೆಕ್ಕಕ್ಕೆ ಕೂರಬಾರದು. ನಮ್ಮ ಪರೀಕ್ಷೆಗಳಲ್ಲಿ ಟನ್ನಿನ ಲೆಕ್ಕಕ್ಕೆ ಹತ್ತು ಅಂಕ, ಉಳಿದದ್ದಕ್ಕೆ ಎರಡು. ಇದು ನನ್ನ ಹಳೆಯ ಗೊಣಗಾಟ.

ಸಂಜೆ ಮನೆಗೆ ಬಂದು ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಗೋಡೆಗೆ ಹಚ್ಚಲೆಂದು ತಂದಿಟ್ಟಿದ್ದ ಸುಣ್ಣದ ಪುಡಿ ಸುರಿದಳು. ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಕನ್ನಡಕ ಹಾಕಿಕೊಂಡೇ ಮಾಡೆಂದು ನಾನು ಎರಡು ಸಲ ಹೇಳಿದೆ. ಹೈಸ್ಕೂಲಿನ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಎಲ್ಲಿಂದಲೋ ಹೊರಬಂತು. ಸುಣ್ಣ, ಸಕ್ಕರೆ, ಮೈದಾ, ರವೆ ಎಂದು ನಾಲ್ಕು ಗುಡ್ಡೆಗಳಾದವು. ನನ್ನಾಕೆ ಸುಣ್ಣವನ್ನು ಸಹಿಸಿಕೊಂಡಳು, ರವೆಯ ಡಬ್ಬಿ ಖಾಲಿಯಾದಾಗ ಇಬ್ಬರಿಗೂ ಸೇರಿಸಿ ಬೈದಳು. ಅಣ್ಣ ಪೇಪರು ಓದುವುದು ನಿಲ್ಲಿಸಿ ಇಣುಕಿ ನೋಡಿ, "ರವೆ ಜಾರಿತು, ಮೈದಾ ಯಾಕ ಕೂತತಿ?" ಎಂದ. ಅಪ್ಪನಿಗೆ ಮಗಳು ವಿವರಿಸತೊಡಗಿದಳು. ಜೆರಾಕ್ಸ್ ಅಂಗಡಿಯ ಮಾತು ಮತ್ತೆ ಬರಲಿಲ್ಲ.

ರಜೆ ಮುಗಿಯುವ ಹಿಂದಿನ ದಿನ ಅವಳನ್ನು ಕಂಪ್ಲಿಗೆ ಕರೆದೊಯ್ದೆ. ಅಕ್ಕ ತೀರಿಕೊಂಡು ಬಹಳ ವರ್ಷವಾಯಿತು. ಕೆಮ್ಮು ಕೊನೆಯವರೆಗೂ ಬಿಡಲಿಲ್ಲ. ಅವಳ ಮಗ ಅಲ್ಲೊಂದು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಜೋಳ, ಗೋಧಿ, ಖಾರ ಬೀಸುತ್ತಾನೆ. ನನ್ನನ್ನು ಈಗಲೂ "ಸಾರ್" ಎನ್ನುತ್ತಾನೆ, ಹಿಂದಿನದನ್ನು ಎತ್ತುವುದಿಲ್ಲ, ಚಹಾ ತರಿಸದೆ ಬಿಡುವುದಿಲ್ಲ. ಗಿರಣಿಯ ಬಾಯಿಗೆ ಉದ್ದನೆಯ ಬಟ್ಟೆಯ ಚೀಲ ಕಟ್ಟಿದ್ದ; ಗಾಳಿ ಹೊರಗೆ ಸೋರಿ ಹಿಟ್ಟು ಒಳಗೆ ಉಳಿಯುತ್ತಿತ್ತು. ಅಣ್ಣನ ಮಗಳು ಅದನ್ನು ನೋಡಿ ಖುಷಿಯಾಗಿ ಮೇಲಿನ ತೊಟ್ಟಿಯೊಳಗೆ ಜೋಳ ಹೇಗೆ ಇಳಿಯುತ್ತದೆಂದು ನೋಡಲು ಬಗ್ಗಿದಳು.

"ತಡಿಯವ್ವಾ" ಎಂದ ಅವನು. ಬೆಲ್ಟಿನ ಸುತ್ತ ತಂತಿಯ ಬಲೆ, ಕೈಗೆಟಕುವಷ್ಟು ಹತ್ತಿರದಲ್ಲಿ ಅಂಗೈ ಅಗಲದ ಕೆಂಪು ಗುಂಡಿ. ಉಳಿದ ಮೂರು ಬೆರಳಿನ ಬಲಗೈಯನ್ನು ಆ ಗುಂಡಿಯ ಮೇಲಿಟ್ಟು ಯಂತ್ರ ಪೂರ್ತಿ ನಿಲ್ಲುವವರೆಗೂ ಕಾದ. ಆಮೇಲೆ, "ಈಗ ನೋಡು" ಎಂದ.